ನೆರಳು ಬೀಳದ ಹುಡುಗಿ

ಕುಶಿರೊ ಬಂದರಿಗೆ ಜೂನ್ ತಿಂಗಳ ಮಂಜು.
ನಾಲ್ಕನೇ ಯಂತ್ರ ಮತ್ತೆ ಮುನಿಸಿಕೊಂಡು ಕೂತಿದೆ.
ಮಾವನ ಕಾಲದ್ದು; ನೂರು ಯೆನ್ ನುಂಗಿ
ಒಂದು ಏಟು ತಿಂದ ಮೇಲೇ ತಿರುಗುವ ಜಾತಿ.
ಮೊಣಕಾಲಲ್ಲಿ ಒಂದು ಕೊಟ್ಟೆ. ತಿರುಗಿತು.
ಒಳಗೆ ಥುಯ್‌ಳ ಕೈಗವಸು, ಹದಿನೆಂಟು ಜೊತೆ,
ಎಷ್ಟು ಒಗೆದರೂ ಬಿಡದ ಮೀನಿನ ವಾಸನೆ.

ಗುರುವಾರ ಬಂತೆಂದರೆ ಇವರು ಬಂದೇ ಬರುತ್ತಾರೆ.
ಬಟ್ಟೆ ಒಂದು ನೆಪ.
ರೆಂತಾರೊ ತರುವುದು ಒಂದೇ ಒಂದು ಟವೆಲ್ಲು,
ಕಳೆದ ವಾರವೂ ಅದೇ,
ಆಗಲೂ ಒಗೆದದ್ದೇ.

"ಅವಳು ಸತ್ತಿದ್ದಾಳೆ" ಎಂದ, ಇನ್ನೂ ಹೊಸ್ತಿಲಲ್ಲೇ ನಿಂತು.
"ಮೂರನೇ ಕಂತಿನಲ್ಲೇ, ದೋಣಿ ಮಗುಚಿದಾಗ.
ಆಮೇಲೆ ದ್ವೀಪದಿಂದ ದ್ವೀಪಕ್ಕೆ ಕಾಗದ ಹಂಚಿದ್ದು
ಪ್ರೇತ."

"ಪ್ರೇತ ನೂಡಲ್ಸ್ ತಿನ್ನುತ್ತದಾ?" ಚಿಯೊರಿಯ ಹುಬ್ಬು ಮೇಲೇರಿತು.
"ಐದನೇ ಕಂತು. ಎರಡು ಬಟ್ಟಲು. ನಾನು ಎಣಿಸಿದ್ದೇನೆ."

"ದುಡ್ಡು ಕೊಟ್ಟಳಾ?"

ಕೊಟ್ಟಿರಲಿಲ್ಲ.
ಚಿಯೊರಿ ಸಾಬೂನಿನ ಪುಡಿಯನ್ನು
ಬೇಕಾದ್ದಕ್ಕಿಂತ ಎರಡು ಚಮಚ ಹೆಚ್ಚೇ ಸುರಿದಳು.

ಥುಯ್ ಮೆಲ್ಲಗೆ ಮಾತಾಡುತ್ತಾಳೆ. ಅವಳ ಜಪಾನಿ ಭಾಷೆಯಲ್ಲಿ
ಅರ್ಧ ಮೀನಿನ ಕಾರ್ಖಾನೆಯದು, ಅರ್ಧ ಈ ಅನಿಮೆಯದು;
"ಕತ್ತಿ ಹರಿತವಾಗಿದೆ" ಮತ್ತು "ಸಮುದ್ರವೇ ಸಾಕ್ಷಿ"
ಎರಡನ್ನೂ ಒಂದೇ ದನಿಯಲ್ಲಿ ಹೇಳಬಲ್ಲಳು.
"ಸತ್ತಿಲ್ಲ" ಎಂದಳು. "ವೀಸಾ ಮುಗಿದಿದೆ.
ಊರಲ್ಲಿ ಎಲ್ಲರಿಗೂ ಅವಳು ಕಾಣುತ್ತಾಳೆ,
ಯಾರೂ ಹೆಸರು ಕೇಳುವುದಿಲ್ಲ.
ಹಾಗಿರಲು ಸಾಯಬೇಕಾಗಿಲ್ಲ."

ಯಂತ್ರವೊಂದು ನೀರು ಬಿಟ್ಟಿತು. ಕೊಂಚ ಹೊತ್ತು ಅದರದೇ ಸದ್ದು.

ರೆಂತಾರೊ ಸೋಲುವವನಲ್ಲ. ಮೊಬೈಲು ತೆಗೆದು
ಒಂಬತ್ತನೇ ಕಂತನ್ನು ಹದಿನಾಲ್ಕನೇ ನಿಮಿಷಕ್ಕೆ ನಿಲ್ಲಿಸಿದ.
ಸೇತುವೆ. ಇಳಿಬಿಸಿಲು.
ಕಂಬಿಗೆ ನೆರಳಿದೆ, ನಾಯಿಗೆ ನೆರಳಿದೆ,
ಅವಳ ಕೈಯ ಲಕೋಟೆಗೂ ಒಂದು ಪುಟ್ಟ ನೆರಳು.
ಅವಳಿಗೆ ಇಲ್ಲ.

ಬಿಸಿಗಾಳಿಯ ಯಂತ್ರಕ್ಕೆ ಬೆನ್ನು ಕೊಟ್ಟು ತೂಕಡಿಸುತ್ತಿದ್ದ
ಓಗಸವಾರ ತಾತ ಕಣ್ಣು ಬಿಟ್ಟ.
ಒಂದು ಕಂತೂ ನೋಡಿದವನಲ್ಲ,
ಅಭಿಪ್ರಾಯ ಮಾತ್ರ ಒಂದು ವಾರವೂ ತಪ್ಪಿಸಿದವನಲ್ಲ.
"ಮಂಜಿದ್ದಾಗ ನೆರಳೆಲ್ಲಿಂದ ಬಂತು?"
"ಹಾಗಾದರೆ ಕಂಬಿಗೆ, ತಾತ?"
ಅವನು ಮತ್ತೆ ಕಣ್ಣು ಮುಚ್ಚಿದ.

ನನಗೆ ಗೊತ್ತು.

ಇನ್ನೂರ ಹನ್ನೆರಡನೇ ತುಣುಕು. ಟೋಕಿಯೊ, ಮೂರನೇ ಮಹಡಿ,
ಮನೆಗೆ ಹೋಗದ ಐದನೇ ರಾತ್ರಿ.
ಬಣ್ಣ ತುಂಬುವ ಕೆಲಸ ನನ್ನದು.
ನೆರಳಿಗೆ ಬೇರೆಯೇ ಪದರ; ಕಂಬಿಯ ತುಕ್ಕು ಸರಿಯಾಗಿ ಬಂತೇ
ನೋಡೋಣವೆಂದು ಅದನ್ನು ಆರಿಸಿದೆ, ದೀಪ ಆರಿಸಿದ ಹಾಗೆ.
ಮತ್ತೆ ಹಚ್ಚಲು ಮರೆತೆ.
ಅಷ್ಟೇ. ಪ್ರೇತವಿಲ್ಲ, ಗುಟ್ಟಿಲ್ಲ,
ಬೆಳಗಿನ ನಾಲ್ಕು ಗಂಟೆ, ತಣ್ಣಗಾದ ಅನ್ನದುಂಡೆ,
ಕುರ್ಚಿಯಲ್ಲೇ ಕುಸಿದ ಒಬ್ಬಳು.
ಆ ವಸಂತದಲ್ಲಿ ಊರಿಗೆ ಬಂದುಬಿಟ್ಟೆ.
ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ
ನನ್ನದೂ ಇದೆ. ಅಲ್ಲಿಯವರೆಗೆ
ಇವರು ಯಾರೂ ನೋಡುವುದಿಲ್ಲ.

"ನೀವೇನಂತೀರಿ, ಅಕ್ಕ?" ಚಿಯೊರಿ ಕೇಳಿದಳು.

ಮೂರು ಮುಖ, ಮುಚ್ಚಿದ ಕಣ್ಣಿನದೂ ಸೇರಿ ನಾಲ್ಕು.
ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು.
"ಇನ್ನೊಮ್ಮೆ ಹಾಕು" ಎಂದೆ.

ಅದನ್ನು ನಾನು ನೋಡಿಯೇ ಇರಲಿಲ್ಲ, ಚಲಿಸುವಾಗ.
ಸೇತುವೆ ದಾಟುತ್ತಾಳೆ. ಹೆಜ್ಜೆ ನೆಲಕ್ಕೆ ತಾಗಿದ ಹಾಗೂ ಇಲ್ಲ,
ತಾಗದ ಹಾಗೂ ಇಲ್ಲ. ಬೆನ್ನಿಗೆ ಅಷ್ಟೊಂದು ಬಿಸಿಲು.
ಬೇಕೆಂದೇ ಮಾಡಹೊರಟಿದ್ದರೆ
ನನ್ನಿಂದ ಆಗುತ್ತಿರಲಿಲ್ಲ.

ಆಗ ಕಣ್ಣಿಗೆ ಬಿತ್ತು.
"ನಾಯಿ ನೋಡಿ" ಎಂದೆ. "ಅವಳು ಹಾಯುವಾಗ ತಲೆ ಎತ್ತುತ್ತದೆ.
ಬಾಲ, ನೋಡಿ, ಒಂದೇ ಒಂದು ಸಲ."

ಆ ಬಾಲ ಬರೆದ ಕೈ ಯಾರದೋ ಕಾಣೆ.
ಯಾವ ಮೇಜು, ಯಾವ ರಾತ್ರಿ,
ಬೇಕೆಂದೇ ಎತ್ತಿಸಿದರೋ ತಲೆಯನ್ನು, ನಿದ್ದೆಗಣ್ಣಿನಲ್ಲೋ.

ಚಿಯೊರಿ ಚಪ್ಪಾಳೆ ತಟ್ಟಿದಳು. ಥುಯ್ ಮೊಬೈಲನ್ನು
ಮೂಗಿನ ಹತ್ತಿರ ಹಿಡಿದು ನಾಯಿಯನ್ನೇ ನೋಡಿದಳು.
ನಾಲ್ಕನೇ ಯಂತ್ರ ಗಕ್ಕನೆ ನಿಂತಿತು.

ರೆಂತಾರೊ ಟವೆಲ್ಲು ಮಡಚಿದ, ಬಿಚ್ಚಿದ, ಮಡಚಿದ.

"ನಾಯಿಯೂ ಸತ್ತಿದೆ" ಎಂದ.